ಕೀವಿನ ರೂಸ್

“ಅರ್ಧ ಡಾಕ್ಟ್ರು ಅಂತ ಜನ ನಿನ್ನ ಆಡ್ಕೊಳ್ಳೋದು ಸುಮ್ನೆ ಅಲ್ಲ ಕಣೋ! ಒಂದು ಪದ ತರ್ಜುಮೆ ಮಾಡೋಕ್ ಬರಲ್ವಾ?”

ಶಿವಾಜಿನಗರದ ಜೆರಾಕ್ಸ್ ಅಂಗಡಿಯ ಸಾಲಿನಲ್ಲಿದ್ದ ಅಂಜಿನಮ್ಮ ತಿರುಗಿ ನೋಡಿದಳು. ಟೈಪಾದ ಹಾಳೆ ಹಿಡಿದ ಹುಡುಗಿಯೊಬ್ಬಳು ತನ್ನ ಓರಗೆಯ ಹುಡುಗನನ್ನು ಬೈಯುತ್ತಿದ್ದಳು.

“ಮೆಲ್ಲಗೆ ಪೂಜಿತಾ, ಎಲ್ರೂ ನೋಡ್ತಿದಾರೆ.”

“ನೋಡ್ಲಿ. ನಾವು ಅಲ್ಲಿ ಓದಿದ ಯುಕ್ರೇನ್ ಚರಿತ್ರೆ ಪಾಠದ ಪಟ್ಟೀಲಿ ‘ಕೀವಿನ ರೂಸ್ ಕಾಲ’ ಅಂತಿದೆ. ಇಂಗ್ಲಿಷ್‌ನಲ್ಲಿ ‘ಕೀವಿನ ರಷ್ಯಾ’ ಯಾಕಾಯ್ತು?”

“ನಾನು ರೂಸ್ ಅಂತಾನೇ ಓದಿ ಹೇಳ್ದೆ. ಟೈಪ್ ಮಾಡೋ ಭಾಯ್‌ಗೆ ಉರ್ದೂಲಿ ರೂಸ್ ಅಂದ್ರೆ ರಷ್ಯಾನೇ ಅಲ್ವಾ?”

“ನೀನು ನೋಡ್ಬೇಕಿತ್ತು ಮುತ್ತುರಾಜ್! ಸಾವಿರ ವರ್ಷದ ಹಿಂದೆ ಕೀವ್ ಊರಲ್ಲಿದ್ದ ಯುಕ್ರೇನಿನವ್ರ ರಾಜ್ಯಾನ ರಷ್ಯಾಗೆ ಬರ್ದುಕೊಟ್ಟಿದೀಯ. ಸಹಿ ಹಾಕ್ಬೇಕಾದ ಅಲ್ಲಿನ ಕಾಲೇಜಿನ ಡೀನಮ್ಮನ ಮಗ ಅದೇ ರಷ್ಯಾ ಮೇಲೆ ಯುದ್ಧಕ್ಕೆ ಹೋಗಿದಾನೆ.”

“ತಿದ್ದಿ ಕಳ್ಸೋಣ.”

“ಬೆಳಿಗ್ಗೆನೇ ಮೇಲ್ ಮಾಡ್ಬಿಟ್ಟೆ, ಅವ್ರು ಓದಿದ್ದೂ ಆಯ್ತು. ಸಹಿ ಇಲ್ದಿದ್ರೆ ಬೇರೆ ಯಾವ ಕಾಲೇಜೂ ಸೇರ್ಸಲ್ಲ. ಯುದ್ಧ ಅಂತ ಓಡಿಬರೋಕ್ ಮುಂಚೆ ಅಲ್ಲಿ ನಾಲ್ಕು ವರ್ಷ ಮೆಡಿಕಲ್ ಓದಿದ್ದೆಲ್ಲ ಮಣ್ಣುಪಾಲು. ಭಯ ಆಗ್ತಿದೆ ಕಣೋ.”

ಹುಡುಗ ಫೋನ್ ತೆಗೆದು ತಾನು ಕಳಿಸಿದ್ದ ಮೇಲ್ ತೆರೆದು ನೋಡಿದ. ಹುಡುಗಿ ಅವನ ಮುಖ ನೋಡಿ ದನಿ ಇಳಿಸಿದಳು.

“ಮಗಾ, ನಿನ್ನ ಪಟ್ಟೀನೂ ಹಿಂಗೇ ಹೋಗಿದ್ಯಾ?”

ಅವನು ಫೋನನ್ನು ಜೇಬಿಗೆ ತುರುಕಿ, ಸಾಲನ್ನು ಸೀಳಿಕೊಂಡು ಬಸ್ ನಿಲ್ದಾಣದ ಕಡೆ ನಡೆದುಬಿಟ್ಟ.