ಔಷಧಿ ಹೊಡೆಯದ ಹೊಲಕ್ಕೆ ಔಷಧಿ ಬಿದ್ದ ಬಗ್ಗೆ

ಊರವರೆಲ್ಲ ಹುಳದಕ್ಕ ಎಂದು ಕರೆಯುವ ನಾನು, ವಯಸ್ಸು 46 ವರ್ಷ, ಕಸುಬು ಎಲೆಕೋಸು ಬೇಸಾಯ, ವಾಸ ಕಾಲುವೆ ಪಕ್ಕದ ಎರಡನೇ ಓಣಿ, ನೀರಿನ ಟ್ಯಾಂಕಿನ ಎದುರು ಮನೆ, ಈ ದಿನ ಶುಕ್ರವಾರ ಮಧ್ಯಾಹ್ನ 2.10 ಗಂಟೆಗೆ ಆಸ್ಪತ್ರೆಯ ವರಾಂಡದಲ್ಲಿ, ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸರಾದ ತಮ್ಮ ಮುಂದೆ ಕುಳಿತು ಈ ಮೂಲಕ ತಿಳಿಸುವುದೇನೆಂದರೆ:

ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕದ ಬಳಕೆಯನ್ನು ಅರ್ಧಕ್ಕಿಳಿಸಲು ಸರ್ಕಾರ ತಂದಿರುವ ಯೋಜನೆಗೆ ನಮ್ಮ ಕಡೆಯ 36 ಮನೆಯವರು ಸೇರಿದ್ದೇವೆ. ಔಷಧಿ ಹೊಡೆಯದೆ ಬೆಳೆ ಬರುತ್ತದೆಯೇ ಎಂದು ನೋಡಲು ನನ್ನ ಒಂದು ಎಕರೆಯನ್ನು ಆರಿಸಿದ್ದಾರೆ. ಅದು ಗೆದ್ದರೆ ಮುಂದಿನ ವರ್ಷ ಎಲ್ಲರ ಹೊಲದಲ್ಲೂ ಅದೇ ಪದ್ಧತಿ. ಸೋತರೆ ಯೋಜನೆ ಇಲ್ಲಿಗೆ ಮುಗಿಯಿತು. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ 7 ಗಂಟೆಗೆ 20 ಗಿಡಗಳ ಎಲೆ ಮಗುಚಿ ಹುಳ ಎಣಿಸಿ, ಬದುವಿನ ಮೇಲಿನ ಹಲಗೆಯಲ್ಲಿ ಬರೆಯುತ್ತೇನೆ. 40 ದಾಟಿದರೆ ಔಷಧಿ ಹೊಡೆಯಬೇಕು, ಹೊಲ ಲೆಕ್ಕದಿಂದ ಹೊರಗೆ. ಹುಳಗಳಿಗೆ ಹಾಜರಿ ಕರೆಯುವವಳು ಎಂದು ಜನ ಎರಡು ತಿಂಗಳಿಂದ ನಗುತ್ತಿದ್ದಾರೆ. ನಗಲಿ, ನನಗೇನು.

ಕಳೆದ ಸೋಮವಾರ 22 ಇದ್ದವು. ನಿನ್ನೆ ಗುರುವಾರ 37. 40ಕ್ಕೆ ಮೂರೇ ಕಡಿಮೆ, ಆದರೂ 37 ಎಂದೇ ಬರೆದೆನು. ಹುಳಗಳನ್ನು ತಿನ್ನುವ ಸಣ್ಣ ಕಣಜಗಳು ಆಗಲೇ ಹೊಲಕ್ಕೆ ಬಂದಿದ್ದವು. ಅವುಗಳ ಮೇಲೆ ನನಗೆ ನಂಬಿಕೆಯಿತ್ತು.

ಈ ದಿನ ಬೆಳಿಗ್ಗೆ 6.15ಕ್ಕೆ ಹೊಲಕ್ಕೆ ಹೋದಾಗ, ಪಂಪ್‌ಸೆಟ್ ಮನೆಯಿಂದ 25 ಹೆಜ್ಜೆ ದೂರದಲ್ಲಿ ನನ್ನ ಅಣ್ಣ ಬದುವಿನ ಮೇಲೆ ಬಿದ್ದಿದ್ದನು. ಬೆನ್ನಿಗೆ ಔಷಧಿ ಹೊಡೆಯುವ ಪಂಪು ಇತ್ತು, ಮೂಗಿಗೆ ಬಟ್ಟೆ ಇರಲಿಲ್ಲ, ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಅವನ ಹೊಲ ಪಕ್ಕದ್ದೇ. ಆದರೆ ಔಷಧಿಯಿಂದ ಒದ್ದೆಯಾಗಿದ್ದುದು ನನ್ನ ಹೊಲದ ಎಲೆಗಳು. ನಾನು ಅವನ ಅಂಗಿ ಕಳಚಿ, ಕಾಲುವೆ ನೀರಿನಿಂದ ಮೈ ತೊಳೆದು, ಹಾಲಿನ ವ್ಯಾನ್ ತಡೆದು ನಿಲ್ಲಿಸಿ, 7.05ಕ್ಕೆ ಇಲ್ಲಿಗೆ ತಂದೆನು. 9 ಕಿಲೋಮೀಟರ್ ಉದ್ದಕ್ಕೂ ಅವನಿಗೆ ಬಾಯಿಗೆ ಬಂದಂತೆ ಬೈದೆನು. ಬೈಯುವುದನ್ನು ನಿಲ್ಲಿಸಿದರೆ ಅಳು ಬರುತ್ತಿತ್ತು.

10.30ಕ್ಕೆ ವೈದ್ಯರು ಜೀವಕ್ಕೆ ಅಪಾಯವಿಲ್ಲ ಎಂದು ತಿಳಿಸಿದರು. 10.45ಕ್ಕೆ ಅಣ್ಣ ನನ್ನನ್ನು ಹತ್ತಿರ ಕರೆದು ಹೇಳಿದ್ದು ಹೀಗೆ: "ಸೋಮವಾರ ನಲವತ್ತು ದಾಟ್ತಿತ್ತು ಕಣೇ. ನಿನ್ನ ಹೊಲ ಲೆಕ್ಕದಲ್ಲಿ ಉಳೀಲಿ ಅಂತ ಒಂದೇ ಒಂದ್ಸಲ ಹೊಡೆದೆ. ನನ್ನ ಹೊಲಕ್ಕೆ ಹೊಡೀತಿದ್ದೆ ಅಂತ ಬರೆಸಿಬಿಡು, ಮುಗೀತು."

ಔಷಧಿ ಹೊಡೆಯದ ಹೊಲವನ್ನು ಉಳಿಸಲು ಔಷಧಿ ಹೊಡೆದವನು ಇವನೊಬ್ಬನೇ ಇರಬೇಕು. ಅತ್ತಿಗೆಯೂ ನನ್ನ ಕೈ ಹಿಡಿದು, ಒಂದು ಮಾತಿನಿಂದ ಅಣ್ಣನ ಮಾನವೂ ಉಳಿಯುತ್ತದೆ, 36 ಮನೆಯವರ ಯೋಜನೆಯೂ ಉಳಿಯುತ್ತದೆ ಎಂದು ಬೇಡಿಕೊಂಡಳು. ನಾನು ಕೈ ಬಿಡಿಸಿಕೊಂಡು ಊರಿನ ಬಸ್ ಹತ್ತಿದೆನು.

12 ಗಂಟೆಗೆ ಹೊಲ ತಲುಪಿ 20 ಗಿಡ ಎಣಿಸಿದೆನು. ಹುಳ 0. ಗಿಡದ ಬುಡದಲ್ಲಿ ಸತ್ತು ಬಿದ್ದಿದ್ದ ಕಣಜ 11. ಅವುಗಳನ್ನು ಅಂಗೈಯಲ್ಲಿ ಹಿಡಿದಾಗ ತುಂಬಾ ಸಂಕಟವಾಯಿತು. ಹಲಗೆಯಲ್ಲಿ 37ರ ಕೆಳಗೆ, ಈ ಹೊಲಕ್ಕೆ ಔಷಧಿ ಬಿದ್ದಿದೆ ಎಂದು ದಪ್ಪಗೆ ಬರೆದೆನು. 12.25ಕ್ಕೆ ಯೋಜನೆಯ ಅಧಿಕಾರಿಗೆ ಫೋನ್ ಮಾಡಿ ತಿಳಿಸಿದೆನು. ಅವರು, ಯೋಜನೆ ಇಲ್ಲಿ ನಿಂತುಹೋಗಬಹುದು ಎಂದರು. ನಿಲ್ಲಲಿ, ಬಿಡಲಿ, ಮುಂದಿನ ಬೆಳೆಗೂ ಅದೇ ಎಕರೆಯನ್ನು ಔಷಧಿಯಿಲ್ಲದೆ ಬೆಳೆಯುತ್ತೇನೆ, ವಾರಕ್ಕೆರಡು ಸಲ ಎಣಿಸುತ್ತೇನೆ ಎಂದು ಹೇಳಿ ಫೋನ್ ಇಟ್ಟು, ಮತ್ತೆ ಇಲ್ಲಿಗೆ ಬಂದೆನು.

ಅಣ್ಣ ತಿಳಿಯದೆ ಮಾಡಿದ ಎಂದು ಬರೆಯೋಣವೇ ಎಂದು ಈಗ ತಾವು ಕೇಳಿದಿರಿ. ಬೇಡ. ತಿಳಿದೇ ಮಾಡಿದನು. ನನ್ನ ಮೇಲಿನ ಪ್ರೀತಿಯಿಂದ ಮಾಡಿದನು. ಎರಡನ್ನೂ ಬರೆಯಿರಿ.

ಆ ಹೊಲದಲ್ಲಿ ಈ ಸಲ ಕೋಸು ಚೆನ್ನಾಗಿಯೇ ಬರುತ್ತದೆ. ಅದು ಔಷಧಿಯಿಲ್ಲದೆ ಬಂದದ್ದು ಎಂದು ಯಾರೂ, ಎಲ್ಲಿಯೂ, ಬರೆದುಕೊಳ್ಳಕೂಡದು.

ಬರೆದುಕೊಂಡದ್ದನ್ನು ತಾವು ನನಗೆ ಓದಿ ಹೇಳಿದ್ದೀರಿ. ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ. ಯಾರ ಒತ್ತಾಯಕ್ಕೂ ಹೇಳಿದ್ದಲ್ಲ.

ಸ್ಥಳ: ಆಸ್ಪತ್ರೆಯ ವರಾಂಡ
ದಿನ: ಶುಕ್ರವಾರ, ಮಧ್ಯಾಹ್ನ 2.50

(ಸಹಿ)
ಹೇಳಿಕೆ ಕೊಟ್ಟವಳು, ರೋಗಿಯ ತಂಗಿ