ಅಮ್ಮನ ಮೇಣದಬತ್ತಿ

ಗ್ರೂನೆವಾಲ್ಡ್ ನಿಲ್ದಾಣದ ಹೊರಗೆ ಬಸ್ಸಿಗೆ ಕಾಯುತ್ತಿದ್ದೆ. ಬರ್ಲಿನ್ನಿನ ಯೆಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ ಹಳೆಯ ಪ್ಲಾಟ್‌ಫಾರ್ಮು ಈಗ ಅಲ್ಲಿ ಸ್ಮಾರಕವಾಗಿದೆ. ಒಂದೊಂದು ರೈಲು ಹೊರಟ ತಾರೀಕನ್ನೂ ಅದರ ಅಂಚಿನ ಕಬ್ಬಿಣದ ಹಲಗೆಗಳ ಮೇಲೆ ಮೂಡಿಸಿದ್ದಾರೆ. ಅದನ್ನು ನೋಡಿ ಬಂದ ವಯಸ್ಸಾದ ಅಕ್ಕತಂಗಿಯರು ನನ್ನ ಪಕ್ಕ ಕೂತರು.

“ಅಮ್ಮನ ರೈಲಿನ ತಾರೀಕು ನೋಡಿದಾಗಿಂದ ಮುಖ ಊದಿಸ್ಕೊಂಡಿದ್ದೀಯ,” ಎಂದರು ಅಕ್ಕ.

“ಅಕ್ಕಾ, ಅಮ್ಮ ಸತ್ತ ದಿನ ಅಂತ ಪ್ರತಿ ವರ್ಷ ನಾವು ಮೇಣದಬತ್ತಿ ಹಚ್ಚೋದು ಅದೇ ತಾರೀಕಿಗಲ್ವಾ?”

“ಹೂಂ.”

“ಅವತ್ತು ಅಮ್ಮ ಸತ್ತಿರ್ಲಿಲ್ಲ. ರೈಲು ಹತ್ತಿದ್ಲು, ಅಷ್ಟೆ.”

ಅಕ್ಕ ಕೈಗವಸು ತೆಗೆದು ಮತ್ತೆ ಹಾಕಿಕೊಂಡರು.

“ಇಷ್ಟು ವರ್ಷ ನಾವು ಇನ್ನೂ ಬದುಕಿದ್ದೋಳಿಗೆ ಹಚ್ಚಿದ್ವಿ, ಅಕ್ಕಾ.”

“ನಂಗೆ ಗೊತ್ತಿರ್ಲಿಲ್ಲ ಅಂದ್ಕೊಂಡ್ಯಾ, ಮಾರ್ಗೋಟ್? ಎಲ್ರ ಮನೇಲೂ ಸತ್ತೋರಿಗೆ ಹಚ್ತಾರೆ, ನಮ್ಮನೇಲಿ ಯಾವಾಗ ಅಂತ ಚಿಕ್ಕೋಳಿದ್ದಾಗ ನೀನು ಪ್ರಾಣ ತಿಂತಿದ್ದೆ. ಯಾವುದೋ ಒಂದು ದಿನ ಹೇಳ್ಬೇಕಿತ್ತು.”

“ಆ ರೈಲು ಶಿಬಿರ ಮುಟ್ಟೋಕೆ ಎಷ್ಟು ದಿನ ಹಿಡೀತೋ.”

“ಯಾರಿಗ್ಗೊತ್ತು. ಹೇಳೋಕೆ ಅದ್ರಲ್ಲಿ ಹೋದೋರು ಯಾರೂ ವಾಪಸ್ ಬರ್ಲಿಲ್ಲ.”

ಬಸ್ಸು ಬಂತು. ಅಕ್ಕ ತಂಗಿಯ ತೋಳು ಹಿಡಿದು ಎದ್ದರು.

“ಈ ಸಲ ಒಂದು ವಾರ ಬಿಟ್ಟು ಹಚ್ಚೋಣ.”

“ಒಂದು ವಾರನಾ? ಅಷ್ಟರಲ್ಲಿ ಹೋಗಿಬಿಟ್ಟಿರ್ತಾಳೆ ಅಕ್ಕಾ.”

“ಗೊತ್ತು ಕಣೇ,” ಎಂದರು ಅಕ್ಕ, ಬಸ್ಸು ಹತ್ತುತ್ತಾ. “ಅಮ್ಮ ಇನ್ನೊಂದು ವಾರ ಬದುಕಿರ್ಲಿ.”