ಬೆಂಕಿಯಲ್ಲಿ ಎಣಿಸಿದ ಪದರ

ನನ್ನನ್ನು ಎಲ್ಲರೂ ಗಾಜುಮೇಸ್ತ್ರಿ ಎನ್ನುತ್ತಾರೆ. ವಯಸ್ಸು ನಲವತ್ತಾರು ವರ್ಷ, ಕಸುಬು ಫೈಬರ್ ದೋಣಿ ಕಟ್ಟುವುದು, ವಾಸ ದೋಣಿ ಕಾರ್ಖಾನೆಯ ಹಿಂದಿನ ಸಾಲಿನ ಮೂರನೇ ಮನೆ. ಕಾರ್ಖಾನೆ ಮಾಲೀಕರು ಕೊಟ್ಟ ದೂರಿನ ಬಗ್ಗೆ ವಿಚಾರಿಸಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ, ಮಾರಾಟಕ್ಕಿಟ್ಟ ಹೊಸ ದೋಣಿಯ ತಳವನ್ನು ಗರಗಸದಿಂದ ಕೊಯ್ದವನು ನಾನೇ.

ನಮ್ಮ ಕೆಲಸದಲ್ಲಿ ಗಾಜಿನ ಎಳೆಯ ಬಟ್ಟೆ ಹಾಸಿ ಅದಕ್ಕೆ ಅಂಟು ಕುಡಿಸುತ್ತೇವೆ. ಬರೀ ಅಂಟಾದರೆ ಬಿಸ್ಕತ್ತಿನಂತೆ ಮುರಿಯುತ್ತದೆ. ಗಾಜಿನ ಬಟ್ಟೆ ಒಳಗಿದ್ದರೆ ಬಂಡೆಗೆ ಬಡಿದರೂ ಬಾಗಿ ಮತ್ತೆ ನೆಟ್ಟಗಾಗುತ್ತದೆ. ತಳಕ್ಕೆ ನಾಲ್ಕು ಪದರ ಹಾಕಬೇಕು.

ಜೂನ್ 4ರಿಂದ 6ರವರೆಗೆ ನಾನು ಜ್ವರದಿಂದ ಮಲಗಿದ್ದೆ. ನನ್ನ ತಂಗಿಯ ಗಂಡನ ದೋಣಿಯ ತಳವನ್ನು ಆ ಮೂರು ದಿನದಲ್ಲಿ ಮಾಲೀಕರೇ ನಿಂತು ಮುಗಿಸಿದರು. 19ರಂದು ಬೆಳಿಗ್ಗೆ 7-20ಕ್ಕೆ, ದಡದಿಂದ ಇನ್ನೂರು ಮೀಟರ್ ದೂರದಲ್ಲಿ, ಆ ದೋಣಿ ಬಂಡೆಗೆ ತಾಗಿ ತಳ ಸೀಳಿತು. ತಂಗಿಯ ಗಂಡನಿಗೆ ಈಜು ಬರುತ್ತಿತ್ತು. ಬಲೆ ಕಾಲಿಗೆ ಸುತ್ತಿಕೊಂಡು ನೀರುಪಾಲಾದ.

ಹೆಣ ಮಲಗಿಸಿದ ಅಂಗಳದಲ್ಲೇ ಮಾಲೀಕರು, ಇದು ಗಾಜುಮೇಸ್ತ್ರಿಯ ಕೈಕೆಲಸ, ಕುಡಿದು ಕಟ್ಟಿರಬೇಕು ಎಂದರು. ನಾನು ಕುಡಿಯುವುದು ಚಹಾ ಮಾತ್ರ, ಅದೂ ಸಕ್ಕರೆ ಇಲ್ಲದೆ. ಅಂದೇ ನನ್ನನ್ನು ಕೆಲಸದಿಂದ ತೆಗೆದರು. ಒಡಹುಟ್ಟಿದವಳು ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದಳು.

ಬಣ್ಣ ಬಿದ್ದ ಮೇಲೆ ಒಳಗಿನ ಪದರ ಯಾರ ಕಣ್ಣಿಗೂ ಕಾಣದು, ಬೆಂಕಿಗೆ ಮಾತ್ರ ಕಾಣುತ್ತದೆ. ಅಂಟು ಉರಿದುಹೋಗಿ ಗಾಜು ಹಾಗೇ ಉಳಿಯುತ್ತದೆ. ಒಡೆದ ದೋಣಿಯ ಚೂರು ತಂಗಿಯ ಮನೆಯಲ್ಲಿತ್ತು. ನಿನ್ನೆ ಸಂಜೆ ಮುಚ್ಚಿದ ಬಾಗಿಲ ಹೊರಗೆ ನಿಂತು ಇಷ್ಟನ್ನೂ, ನಾಳೆ ಬೆಳಿಗ್ಗೆ ಕಾರ್ಖಾನೆಗೆ ಹೋಗುತ್ತೇನೆಂಬುದನ್ನೂ ಹೇಳಿ ಬಂದೆ.

ಇಂದು 10-15ಕ್ಕೆ, ದೋಣಿ ಕೊಳ್ಳಲು ಒಂಬತ್ತು ಮಂದಿ ಬಂದಿದ್ದ ಹೊತ್ತು ನೋಡಿಕೊಂಡೇ ಕಾರ್ಖಾನೆಗೆ ಹೋದೆ. ನನ್ನನ್ನು ತೆಗೆದ ಮೇಲೆ ಕಟ್ಟಿದ ಹೊಸ ದೋಣಿಯ ತಳದಿಂದ ಅಂಗೈಯಗಲ ಕೊಯ್ದು ಅಂಗಳದಲ್ಲಿ ಬೆಂಕಿಗೆ ಹಾಕಿದೆ. ಮಾಲೀಕರು ನನಗೆ ಹುಚ್ಚು ಹಿಡಿದಿದೆ ಎಂದರು. ಅಷ್ಟರಲ್ಲಿ ತಂಗಿ ಚೂರನ್ನು ಕಂಕುಳಲ್ಲಿಟ್ಟುಕೊಂಡು ಬಂದು, ಯಾರನ್ನೂ ಕೇಳದೆ ಅದನ್ನೂ ಉರಿಗೆ ಎಸೆದಳು. ಇಪ್ಪತ್ತು ನಿಮಿಷ ಕಪ್ಪು ಹೊಗೆ ಎದ್ದಿತು. ಆರಿದ ಮೇಲೆ ಕೊಡವಿದರೆ ಸುಣ್ಣದ ಪುಡಿ ಉದುರಿತು. ತಳ ದಪ್ಪ ಕಾಣಲೆಂದು ಬೆರೆಸಿದ್ದು ಅದು.

"ಎಣಿಸಣ್ಣಾ, ಎಲ್ಲರಿಗೂ ಕೇಳಿಸೋ ಹಾಗೆ," ಎಂದಳು. ಇಪ್ಪತ್ತೇಳು ದಿನದ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು.

ಎಣಿಸಿದೆ. ಎರಡೂ ಚೂರಿನಲ್ಲಿ ಎರಡೆರಡೇ ಪದರ. ಒಂಬತ್ತು ಮಂದಿಯೂ ಬಂದ ದಾರಿ ಹಿಡಿದರು.

ಮಾಲೀಕರ ಮೈಯನ್ನು ನಾನು ಮುಟ್ಟಿಲ್ಲ. ಅವರ ಹೆಸರು ಸುಡಬೇಕಿತ್ತು, ಸುಟ್ಟಿದ್ದೇನೆ. ದೋಣಿ ಕೊಯ್ದದ್ದಕ್ಕೆ ಶಿಕ್ಷೆ ಆಗಲಿ, ಪಶ್ಚಾತ್ತಾಪ ಎಂದು ಮಾತ್ರ ಬರೆಯಬಾರದು. ಜಪ್ತಿಯಾದ ಪದರಗಳ ಸಂಖ್ಯೆಯನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕೆಂದು ಕೋರುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಜುಲೈ 16, ಮಧ್ಯಾಹ್ನ 1-40
ಸಹಿ: ಗಾಜುಮೇಸ್ತ್ರಿ
ಸಾಕ್ಷಿಯ ಸಹಿ: ಇವನ ತಂಗಿ